ಅಪ್ಪನ ಸ್ಟೆಂಟ್ ವಿಷಯ ಫಾರ್ಮ್‌ನಲ್ಲಿ ಬರೆಯಬೇಕೇ? ಯುರೋಪ್ ಪ್ರವಾಸದ ವಿಮೆ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪನಿಗೆ 68, ಅಮ್ಮನಿಗೆ 62 ವರ್ಷ. ಮೇ ತಿಂಗಳಲ್ಲಿ ಇಬ್ಬರನ್ನೂ 13 ದಿನದ ಯುರೋಪ್ ಗ್ರೂಪ್ ಟೂರ್‌ಗೆ ಕಳಿಸುತ್ತಿದ್ದೇವೆ. ಮೊದಲು ಲಂಡನ್, ಆಮೇಲೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಕೊನೆಗೆ ರೋಮ್. ಅಪ್ಪನಿಗೆ ಬಿಪಿ, ಶುಗರ್ ಇದೆ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದೇವೆ. ಈಗ ಓಡಾಡಿಕೊಂಡು ಚೆನ್ನಾಗಿದ್ದಾರೆ. ಅಮ್ಮ ಆರೋಗ್ಯವಾಗಿದ್ದಾರೆ. ಟೂರ್ ಕಂಪನಿಯವರು ಪ್ಯಾಕೇಜ್‌ನಲ್ಲೇ ವಿಮೆ ಇದೆ ಅಂತಾರೆ. ನನ್ನ ಕ್ರೆಡಿಟ್ ಕಾರ್ಡ್‌ನಲ್ಲೂ ಟ್ರಾವೆಲ್ ಇನ್ಶೂರೆನ್ಸ್ ಇದೆ. ಪರಿಚಯದ ಏಜೆಂಟ್ ಒಬ್ಬರು, "ಬೇರೆ ಪಾಲಿಸಿ ಮಾಡಿಸಿ. ಆದರೆ ಸ್ಟೆಂಟ್ ವಿಷಯ ಬರೆಯಬೇಡಿ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ, ರಿಜೆಕ್ಟ್ ಕೂಡ ಆಗಬಹುದು" ಅಂದರು. ಏನು ಮಾಡಲಿ?

ಉತ್ತರ: ಬರೆಯಿರಿ. ಸ್ಟೆಂಟ್, ಬಿಪಿ, ಶುಗರ್, ಮೂರನ್ನೂ ಬರೆಯಿರಿ. ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಬರೆಯಿರಿ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಆಮೇಲೆ ಬರುತ್ತೇನೆ. ಏಜೆಂಟ್ ಹೇಳಿದ ಆ ಒಂದು ಮಾತು ಎಷ್ಟು ಅಪಾಯದ್ದು ಅನ್ನೋದನ್ನು ಮೊದಲು ಹೇಳಬೇಕು.

ಸ್ಟೆಂಟ್ ಮುಚ್ಚಿಡಬಹುದಾದ ವಿಷಯ ಅಲ್ಲ. ಜೂರಿಚ್‌ನಲ್ಲೋ ರೋಮ್‌ನಲ್ಲೋ ಎದೆನೋವು ಬಂದು ಆಸ್ಪತ್ರೆಗೆ ಹೋದರು ಅಂದುಕೊಳ್ಳಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ "ಹಿಂದೆ ಹೃದಯದ ತೊಂದರೆ ಇತ್ತಾ?" ಅಂತ. ಅಪ್ಪ ನಿಜ ಹೇಳುತ್ತಾರೆ, ಹೇಳಲೇಬೇಕು. ಅದು ಕೇಸ್ ಶೀಟ್‌ನಲ್ಲಿ ಬರುತ್ತದೆ. ಅವರು ಹೇಳದಿದ್ದರೂ ಆಂಜಿಯೋಗ್ರಾಂ ಮಾಡಿದಾಗ ಸ್ಟೆಂಟ್ ಕಾಣುತ್ತದೆ. ಆ ಕಾಗದ ವಿಮಾ ಕಂಪನಿಗೆ ಹೋಗುತ್ತದೆ. ಅವರು ನಿಮ್ಮ ಪ್ರೊಪೋಸಲ್ ಫಾರ್ಮ್, ಅಂದರೆ ವಿಮೆಗೆ ನೀವು ತುಂಬಿಕೊಟ್ಟ ಅರ್ಜಿ, ತೆಗೆದು ನೋಡುತ್ತಾರೆ. ಅಲ್ಲಿ "ಯಾವ ಕಾಯಿಲೆಯೂ ಇಲ್ಲ" ಅಂತ ಇದ್ದರೆ, ಮುಚ್ಚಿಟ್ಟಿದ್ದೀರಿ ಅನ್ನೋ ಕಾರಣಕ್ಕೆ ಕ್ಲೇಮ್ ನಿಲ್ಲಿಸಲು ದಾರಿ ಸಿಕ್ಕಂತಾಯಿತು. ಆಗ ಏಜೆಂಟ್ ಜೊತೆಗಿರುವುದಿಲ್ಲ. ಫಾರ್ಮ್‌ಗೆ ಸಹಿ ನಿಮ್ಮದು, ಆನ್‌ಲೈನ್ ಆದರೆ ಓಟಿಪಿ ಕೊಟ್ಟವರು ನೀವು.

ಇದೇ ವಿಷಯದ ಮೇಲೆ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣ ಇದೆ. 2009ರಲ್ಲಿ ಒಬ್ಬರು ವಿದೇಶ ಪ್ರವಾಸದ ಮೆಡಿಕ್ಲೇಮ್ ಪಾಲಿಸಿ ಮಾಡಿಸಿ ಅಮೆರಿಕಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲೇ ಬೆವರಿ ಸುಸ್ತಾದರು. ಆಸ್ಪತ್ರೆಯಲ್ಲಿ ಮೂರು ಸ್ಟೆಂಟ್ ಹಾಕಿದರು. ಅವರು ತಮಗೆ ಶುಗರ್ ಇದೆ ಎಂದು ಮೊದಲೇ ತಿಳಿಸಿದ್ದರು, ವೈದ್ಯಕೀಯ ತಪಾಸಣೆಯ ವರದಿಯೂ ಕಂಪನಿಯ ಕೈಯಲ್ಲಿತ್ತು. ಆದರೂ ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಹೇಳಲಿಲ್ಲ ಎಂದು ಕ್ಲೇಮ್ ನಿರಾಕರಿಸಿದರು. 2021ರ ಡಿಸೆಂಬರ್‌ನಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಆ ಪ್ರಯಾಣಿಕರ ಪರವಾಗಿ ತೀರ್ಪು ಕೊಟ್ಟಿತು. ಆರೋಗ್ಯದ ಸ್ಥಿತಿ ತಿಳಿದ ಮೇಲೂ ಪಾಲಿಸಿ ಕೊಟ್ಟ ಕಂಪನಿ, ಆಮೇಲೆ ಅದೇ ಸ್ಥಿತಿಯನ್ನು ತೋರಿಸಿ ಹಿಂದೆ ಸರಿಯುವಂತಿಲ್ಲ ಎಂದು ಹೇಳಿತು.

ಇದರಲ್ಲಿ ನಿಮಗೆ ಎರಡು ಪಾಠ ಇವೆ. ಅವರನ್ನು ಉಳಿಸಿದ್ದು ಶುಗರ್ ಇದೆ ಅಂತ ಮೊದಲೇ ಹೇಳಿದ್ದು. ಮತ್ತೆ, ಒಂದು ಮಾತ್ರೆಯ ಹೆಸರು ಬಿಟ್ಟಿದ್ದಕ್ಕೆ ಅವರು ಹನ್ನೆರಡು ವರ್ಷ ಕಾಯಬೇಕಾಯಿತು.

ಹೇಳಿದರೆ ರಿಜೆಕ್ಟ್ ಆಗಬಹುದು ಅನ್ನೋದು ನಿಜ. ಆಗಲಿ ಬಿಡಿ. ದಾವಣಗೆರೆಯಲ್ಲಿ ಕೂತಾಗ ಒಂದು ಕಂಪನಿ ಬೇಡ ಅಂದರೆ ಇನ್ನೊಂದನ್ನು ಕೇಳಬಹುದು. ಸ್ವಿಸ್ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತಾಗ ಬೇಡ ಅಂದರೆ ಏನು ಮಾಡ್ತೀರಿ?

ಬರೆದರೆ ಕೆಲಸ ಮುಗಿಯಿತು ಅಂತಲೂ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲೇ ಇರುವ ಕಾಯಿಲೆಯನ್ನು ಬರೆಯುವುದು ಬೇರೆ, ಪಾಲಿಸಿ ಆ ಕಾಯಿಲೆಗೆ ದುಡ್ಡು ಕೊಡುವುದು ಬೇರೆ. ನಮ್ಮಲ್ಲಿ ಸಿಗುವ ಟ್ರಾವೆಲ್ ಪಾಲಿಸಿಗಳಲ್ಲಿ ಮೂರು ಥರ ಇವೆ. ಮೊದಲನೆಯ ಥರದಲ್ಲಿ ಮೊದಲೇ ಇರುವ ಕಾಯಿಲೆಯಿಂದ ಬಂದ ಯಾವ ತೊಂದರೆಗೂ ಏನೂ ಸಿಗುವುದಿಲ್ಲ. ಎರಡನೆಯದರಲ್ಲಿ ಪ್ರಾಣಕ್ಕೆ ಅಪಾಯ ಆಗುವಂಥ ತುರ್ತು ಸಂದರ್ಭಕ್ಕೆ ಮಾತ್ರ ಸಿಗುತ್ತದೆ, ಅದೂ ಒಂದು ಮಿತಿಯವರೆಗೆ. ಪಾಲಿಸಿ ಮೊತ್ತ ಒಂದು ಲಕ್ಷ ಡಾಲರ್ ಅಂತ ಮುಖಪುಟದಲ್ಲಿ ಇರುತ್ತದೆ. ಒಳಗೆ ನೋಡಿದರೆ ಹಳೆಯ ಕಾಯಿಲೆಗೆ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಮೂರನೆಯದರಲ್ಲಿ ಜಾಸ್ತಿ ಪ್ರೀಮಿಯಂ ಕಟ್ಟಿಸಿಕೊಂಡು, ಹಳೆಯ ಕಾಯಿಲೆಯ ತುರ್ತಿಗೂ ದೊಡ್ಡ ಮೊತ್ತ ಕೊಡುತ್ತಾರೆ. ಕೆಲವರಲ್ಲಿ ಅದು ಪ್ಲಾನ್‌ನ ಭಾಗ, ಕೆಲವರಲ್ಲಿ ಬೇರೆಯಾಗಿ ಸೇರಿಸಿಕೊಳ್ಳುವ ಆಡ್-ಆನ್.

ಅಪ್ಪನಿಗೆ ಬೇಕಾಗಿರುವುದು ಈ ಮೂರನೆಯದು. ಯೋಚಿಸಿ ನೋಡಿ, 68 ವರ್ಷದ, ಶುಗರ್ ಮತ್ತು ಸ್ಟೆಂಟ್ ಇರುವವರಿಗೆ ಪ್ರವಾಸದಲ್ಲಿ ದೊಡ್ಡ ಬಿಲ್ ಬರುವಂಥ ತೊಂದರೆ ಏನಾದರೂ ಆದರೆ ಅದು ಹೃದಯದ್ದೋ ಶುಗರ್‌ನದ್ದೋ ಆಗಿರುವ ಸಾಧ್ಯತೆಯೇ ಜಾಸ್ತಿ ಅಲ್ವಾ? ಅದನ್ನೇ ಹೊರಗಿಟ್ಟ ಪಾಲಿಸಿ ಅವರಿಗೆ ಯಾಕೆ? ಹಾಗಾಗಿ ನಾಲ್ಕು ಕಂಪನಿಗಳನ್ನು ಹೋಲಿಸುವಾಗ ಪ್ರೀಮಿಯಂ ನೋಡಬೇಡಿ, ಒಟ್ಟು ಮೊತ್ತವನ್ನೂ ನೋಡಬೇಡಿ. ಪಾಲಿಸಿ ವರ್ಡಿಂಗ್ ಅನ್ನೋ ದೊಡ್ಡ ಪಿಡಿಎಫ್ ತೆರೆದು, ಮೊದಲೇ ಇರುವ ಕಾಯಿಲೆಯ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ ಓದಿ. ಅರ್ಥವಾಗದಿದ್ದರೆ ಕಂಪನಿಗೆ ಇಮೇಲ್ ಮಾಡಿ: "ನನ್ನ ತಂದೆಗೆ 68 ವರ್ಷ, ಸ್ಟೆಂಟ್ ಇದೆ, ಬಿಪಿ ಮತ್ತು ಶುಗರ್ ಇದೆ. ಪ್ರವಾಸದಲ್ಲಿ ಹೃದಯಾಘಾತವಾದರೆ ಈ ಪಾಲಿಸಿ ಎಷ್ಟು ಡಾಲರ್‌ವರೆಗೆ ಕೊಡುತ್ತದೆ?" ಉತ್ತರ ಬರಹದಲ್ಲೇ ಬರಬೇಕು. ಫೋನ್‌ನಲ್ಲಿ "ಎಲ್ಲಾ ಕವರ್ ಆಗುತ್ತೆ ಸರ್" ಅಂದಿದ್ದು ಲೆಕ್ಕಕ್ಕಿಲ್ಲ.

ಇದರ ಜೊತೆ ಇನ್ನೊಂದು ಕಡೆ ಕಣ್ಣು ಹಾಯಿಸಿ. ಹಿರಿಯರ ಪಾಲಿಸಿಗಳಲ್ಲಿ ಸಬ್ ಲಿಮಿಟ್ ಅಂತ ಇರುತ್ತದೆ. ಅಂದರೆ ರೂಮಿಗೆ ದಿನಕ್ಕೆ ಇಷ್ಟೇ, ಐಸಿಯುಗೆ ಇಷ್ಟೇ, ಆಪರೇಷನ್ ಮಾಡಿದ ಡಾಕ್ಟರ್‌ಗೆ ಇಷ್ಟೇ ಅಂತ ಪ್ರತಿ ತಲೆಬರಹಕ್ಕೂ ಒಂದು ಗೆರೆ ಎಳೆದಿರುತ್ತಾರೆ. ಒಟ್ಟು ಮೊತ್ತ ಎಷ್ಟೇ ದೊಡ್ಡದಿರಲಿ, ಈ ಗೆರೆ ದಾಟಿದ್ದು ನಿಮ್ಮ ಕೈಯಿಂದ. ಸಬ್ ಲಿಮಿಟ್ ಇರುವ ಒಂದು ಲಕ್ಷ ಡಾಲರ್ ಪಾಲಿಸಿಗಿಂತ, ಇಲ್ಲದ 50 ಸಾವಿರ ಡಾಲರ್ ಪಾಲಿಸಿ ಎಷ್ಟೋ ಸಲ ವಾಸಿ. ಡಿಡಕ್ಟಿಬಲ್ ಅನ್ನೋದು ಅಷ್ಟು ದೊಡ್ಡ ವಿಷಯ ಅಲ್ಲ. ಪ್ರತಿ ಕ್ಲೇಮ್‌ನಲ್ಲೂ ಮೊದಲ 50 ಅಥವಾ 100 ಡಾಲರ್ ನೀವು ಕೊಡಬೇಕು ಅಂತ ಅರ್ಥ.

ಎಷ್ಟು ಮೊತ್ತ ಬೇಕು? ಶೆಂಗೆನ್ ವೀಸಾಕ್ಕೆ, ಅಂದರೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಸೇರಿ ಯುರೋಪ್‌ನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಒಂದೇ ವೀಸಾಕ್ಕೆ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಈಗಿನ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಅದು ಶೆಂಗೆನ್ ದೇಶಗಳಿಗೆಲ್ಲ ಅನ್ವಯಿಸಬೇಕು, ಅಲ್ಲಿರುವ ಅಷ್ಟೂ ದಿನ ಚಾಲ್ತಿಯಲ್ಲಿರಬೇಕು, ರೋಗಿಯನ್ನು ಊರಿಗೆ ಕರೆತರುವ ಖರ್ಚನ್ನೂ ಒಳಗೊಂಡಿರಬೇಕು. ಆದರೆ ಅದು ವೀಸಾ ಕೊಡುವವರು ಹಾಕಿದ ಕನಿಷ್ಠ ಗೆರೆ. ನಿಮ್ಮ ಅಪ್ಪನಿಗೆ ಅಷ್ಟು ಸಾಕು ಅಂತ ಯಾರೂ ಹೇಳಿಲ್ಲ. ನಾನಾದರೆ ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಮಾಡಿಸುವುದಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಚಿಕಿತ್ಸೆ ತುಂಬಾ ದುಬಾರಿ. ಮಲಗಿಸಿಕೊಂಡೇ, ಡಾಕ್ಟರ್ ಜೊತೆಯಲ್ಲಿ ವಿಮಾನದಲ್ಲಿ ಕರೆತರಬೇಕಾಗಿ ಬಂದರೆ ಆ ಖರ್ಚೇ ಒಂದು ಬೇರೆ ಲೆಕ್ಕ.

ಸ್ವಿಟ್ಜರ್ಲೆಂಡ್ ಅಂದಾಗ ನೆನಪಾಯಿತು. ನಿಮ್ಮ ಟೂರ್‌ನಲ್ಲಿ ಯುಂಗ್‌ಫ್ರಾವ್ ಅನ್ನೋ ಹಿಮಪರ್ವತ ಇದೆಯಾ ನೋಡಿ. ಅಲ್ಲಿನ ರೈಲು ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಕೆಳಗಿನ ಇಂಟರ್‌ಲಾಕನ್‌ನಿಂದ ಕೆಲವೇ ಗಂಟೆಯಲ್ಲಿ ಅಷ್ಟು ಮೇಲೆ ಹೋಗುತ್ತಾರೆ. ಸ್ಟೆಂಟ್ ಇರುವ ಎಷ್ಟೋ ಜನ ಹೋಗಿ ಬರುತ್ತಾರೆ, ಹೆದರಿಸುತ್ತಿಲ್ಲ. ಆದರೆ ಅವರ ಹೃದಯದ ಡಾಕ್ಟರನ್ನು ಕೇಳದೆ ಕಳಿಸಬೇಡಿ. ಅವರಿಂದ ಪ್ರವಾಸಕ್ಕೆ ಅಡ್ಡಿಯಿಲ್ಲ ಎಂದು ಒಂದು ಪತ್ರವನ್ನೂ ಬರೆಸಿಕೊಳ್ಳಿ. ಡಾಕ್ಟರ್ ಬೇಡ ಅಂದಿದ್ದರೂ ಹೋದರೆ ಪಾಲಿಸಿ ಕೈ ಕೊಡುತ್ತದೆ. ಆ ಪತ್ರ ಮುಂದೆ ನಿಮ್ಮ ಕಾಗದಗಳಲ್ಲೇ ಬಹಳ ಬೆಲೆಯದ್ದು ಆಗಬಹುದು.

ಇನ್ನು ಲಂಡನ್. ನಿಮ್ಮ ಪ್ರಶ್ನೆ ಓದುವಾಗ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಇದೇ. ಬ್ರಿಟನ್ ಶೆಂಗೆನ್‌ನಲ್ಲಿ ಇಲ್ಲ. ಶೆಂಗೆನ್ ಪ್ಲಾನ್ ಅಂತ ಅಗ್ಗದ ಪಾಲಿಸಿಗಳು ಸಿಗುತ್ತವೆ, ಯುರೋಪ್‌ಗೆ ಹೋಗುವವರಿಗೆಲ್ಲ ಅದನ್ನೇ ತೋರಿಸುತ್ತಾರೆ. ಅದನ್ನು ತೆಗೆದುಕೊಂಡರೆ ಲಂಡನ್‌ನಲ್ಲಿ ಇರುವಷ್ಟು ದಿನ ನಿಮ್ಮ ತಂದೆತಾಯಿಗೆ ವಿಮೆಯೇ ಇಲ್ಲದಂತೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲಾ ಉಚಿತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ದುಡ್ಡು ಕೇಳುವುದಿಲ್ಲ. ವಾರ್ಡ್‌ಗೆ ಸೇರಿಸಿದ ಮೇಲೆ ಪ್ರವಾಸಿಗರಿಗೆ ನಿಗದಿತ ದರದ ಒಂದೂವರೆ ಪಟ್ಟು ಬಿಲ್ ಮಾಡುತ್ತಾರೆ. ಹೋಗುವಾಗ ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸುತ್ತಾರೆ ಅಂದರೆ ಅಲ್ಲೂ ಇದೇ ತೊಂದರೆ. ಹಾಗಾಗಿ "ಅಮೆರಿಕ ಮತ್ತು ಕೆನಡಾ ಬಿಟ್ಟು ಪ್ರಪಂಚದ ಉಳಿದ ಭಾಗ" ಅನ್ನೋ ಪ್ಲಾನ್ ಕೇಳಿ. ಅದರಲ್ಲಿ ಬ್ರಿಟನ್ನೂ ಬರುತ್ತದೆ, ಶೆಂಗೆನ್ನೂ ಬರುತ್ತದೆ. ವೀಸಾಕ್ಕೆ ಬೇಕಾದ 30,000 ಯೂರೋ ಸಾಲು ಸರ್ಟಿಫಿಕೇಟ್‌ನಲ್ಲಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಟೂರ್ ಕಂಪನಿಯ ವಿಮೆಗೆ ಬರೋಣ. ಅದು ಸುಳ್ಳಲ್ಲ, ಇರುತ್ತದೆ. ಹೆಚ್ಚಿನ ಸಲ ವೀಸಾಕ್ಕೆ ಸಾಕಾಗುವಷ್ಟೇ ಇರುತ್ತದೆ. ಇಡೀ ಗುಂಪಿಗೆ ಒಂದೇ ಥರದ ಪಾಲಿಸಿ, 28 ವರ್ಷದ ನವದಂಪತಿಗೂ 68ರ ನಿಮ್ಮ ಅಪ್ಪನಿಗೂ ಅದೇ. ಮುಖ್ಯವಾಗಿ, ಆ ಫಾರ್ಮ್ ತುಂಬಿದವರು ಯಾರು? ಅಪ್ಪನ ಕಾಯಿಲೆ ಬಗ್ಗೆ ಯಾರಾದರೂ ನಿಮ್ಮನ್ನು ಕೇಳಿದರಾ? ಕೇಳಿಲ್ಲ ಅಂದರೆ ಆ ಖಾನೆಯಲ್ಲಿ "ಇಲ್ಲ" ಅಂತ ಟಿಕ್ ಆಗಿರಬಹುದು. ಇಂಥದ್ದು ನನ್ನ ಹತ್ತಿರ ಬಂದಿದೆ. ಹಿರಿಯರೊಬ್ಬರು ಪ್ಯಾಕೇಜ್ ವಿಮೆ ನಂಬಿ ಹೋಗಿದ್ದರು. ಅಲ್ಲಿ ಶುಗರ್ ತೀರಾ ಇಳಿದು ಮೂರು ದಿನ ಆಸ್ಪತ್ರೆಯಲ್ಲಿದ್ದರು. ಫಾರ್ಮ್ ತರಿಸಿ ನೋಡಿದಾಗ ಅದರಲ್ಲಿ ಶುಗರ್ ಇಲ್ಲ ಅಂತ ಇತ್ತು. ಅವರ ಮಗ ನನ್ನ ಮುಂದೆ ಕೂತು "ಯಾರೂ ಕೇಳಲೇ ಇಲ್ಲ ಸರ್" ಅಂದಿದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ ಪೂರ್ತಿ ದುಡ್ಡು ಮನೆಯವರೇ ಕಟ್ಟಿದರು.

ಆದ್ದರಿಂದ ಟೂರ್ ಕಂಪನಿಯವರಿಂದ ಪಾಲಿಸಿಯ ಪೂರ್ತಿ ಪ್ರತಿ ಈಗಲೇ ಕೇಳಿ. ಹೊರಡುವ ಹಿಂದಿನ ದಿನ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಅದು ಸಾಲದು ಅನಿಸಿದರೆ, ಹೊರಗೆ ನಾವೇ ಮಾಡಿಸಿಕೊಳ್ಳುತ್ತೇವೆ ಅನ್ನಿ. ಕೆಲವರು ಪ್ಯಾಕೇಜ್‌ನಿಂದ ಆ ಮೊತ್ತ ಕಡಿಮೆ ಮಾಡುತ್ತಾರೆ. ಮಾಡದಿದ್ದರೂ ಬೇರೆಯದನ್ನು ಮಾಡಿಸಿ. ಎರಡು ಪಾಲಿಸಿ ಇದ್ದರೆ ತಪ್ಪೇನಿಲ್ಲ, ಎರಡರ ವಿಷಯವನ್ನೂ ಕ್ಲೇಮ್ ವೇಳೆ ತಿಳಿಸಬೇಕು ಅಷ್ಟೆ.

ಕ್ರೆಡಿಟ್ ಕಾರ್ಡ್‌ನ ವಿಮೆಯನ್ನು ಈ ಲೆಕ್ಕದಿಂದ ಬಿಟ್ಟುಬಿಡಿ. ಬಹುಪಾಲು ಕಾರ್ಡ್‌ಗಳಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ವಿಮಾನ ಅಪಘಾತದಲ್ಲಿ ಸತ್ತರೆ ಸಿಗುವ ದುಡ್ಡು. ಅದಕ್ಕೂ ಆ ಕಾರ್ಡ್‌ನಿಂದಲೇ ಟಿಕೆಟ್ ತೆಗೆದಿರಬೇಕು ಅನ್ನೋ ಥರದ ಷರತ್ತು ಇರುತ್ತದೆ. ಮೇಲಾಗಿ ಕಾರ್ಡ್ ನಿಮ್ಮದು, ಹೋಗುತ್ತಿರುವುದು ಅಪ್ಪ ಅಮ್ಮ. ಮನೆಯ ಹೆಲ್ತ್ ಪಾಲಿಸಿಯೂ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ.

ಗ್ರೂಪ್ ಟೂರ್‌ಗೆ ಹೋಗುವವರು ಯೋಚಿಸದ ಒಂದು ವಿಷಯ ಹೇಳುತ್ತೇನೆ. ಅಪ್ಪ ಆಸ್ಪತ್ರೆ ಸೇರಿದರೆ ಗುಂಪು ನಿಲ್ಲುವುದಿಲ್ಲ. ಮಾರನೇ ದಿನ ಬೆಳಗ್ಗೆ ಬಸ್ಸು ಮುಂದಿನ ಊರಿಗೆ ಹೊರಡುತ್ತದೆ. ಟೂರ್ ಮ್ಯಾನೇಜರ್ ಉಳಿದ 40 ಜನರ ಜೊತೆ ಹೋಗಲೇಬೇಕು. ಅಮ್ಮ ಒಬ್ಬರೇ ಉಳಿಯುತ್ತಾರೆ, ಭಾಷೆ ಗೊತ್ತಿಲ್ಲದ ಊರಿನಲ್ಲಿ. ಅವರ ಹೋಟೆಲ್ ಖರ್ಚು ಯಾರು ಕೊಡುತ್ತಾರೆ? ತಪ್ಪಿದ ವಿಮಾನದ ಬದಲು ಹೊಸ ಟಿಕೆಟ್? ನೀವು ಇಲ್ಲಿಂದ ಹೊರಟು ಹೋಗುವುದಕ್ಕೆ? ಕಂಪ್ಯಾಷನೇಟ್ ವಿಸಿಟ್ ಅನ್ನೋ ಹೆಸರಿನಲ್ಲಿ ಮನೆಯ ಒಬ್ಬರ ಟಿಕೆಟ್ ಮತ್ತು ಉಳಿಯುವ ಖರ್ಚು ಕೊಡುವ ಪಾಲಿಸಿಗಳಿವೆ. ಆದರೆ ರೋಗಿ ಇಷ್ಟು ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ಮಾತ್ರ ಅಂತ ಒಂದು ಗಡುವು ಇರುತ್ತದೆ. ಆ ಗಡುವು ಎಷ್ಟು ಅಂತ ನೋಡಿ. ಪಾಲಿಸಿ ಅವಧಿ ಮುಗಿದರೂ ಚಿಕಿತ್ಸೆ ನಡೆಯುತ್ತಿದ್ದರೆ ತಾನಾಗಿಯೇ ಮುಂದುವರಿಯುತ್ತದೆಯಾ ಅಂತಲೂ ಕೇಳಿ. ಇದನ್ನು ಅಮ್ಮನ ದೃಷ್ಟಿಯಿಂದ ಓದಿ. ನಿಮ್ಮಲ್ಲಿ ಒಬ್ಬರಿಗೆ ಪಾಸ್‌ಪೋರ್ಟ್ ಈಗಲೇ ತಯಾರಿರಲಿ.

ಬ್ಯಾಗ್ ಕಳೆಯುವುದು, ವಿಮಾನ ತಡವಾಗುವುದು ಇವೆಲ್ಲ ಬ್ರೋಷರ್‌ನಲ್ಲಿ ಅರ್ಧ ಪುಟ ತುಂಬಿರುತ್ತವೆ. ನಾನು ಇವಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಯುರೋಪ್‌ನಿಂದ ಹೊರಡುವ ವಿಮಾನ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿ, ತಪ್ಪು ವಿಮಾನ ಕಂಪನಿಯದ್ದೇ ಆಗಿದ್ದರೆ, ದೂರ ನೋಡಿಕೊಂಡು 250ರಿಂದ 600 ಯೂರೋವರೆಗೆ ಅವರೇ ಪರಿಹಾರ ಕೊಡಬೇಕು ಅಂತ ಅಲ್ಲಿ ಕಾನೂನೇ ಇದೆ. ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಬರುವ ಮೊದಲೇ ಕೌಂಟರ್‌ನಲ್ಲಿ ದೂರು ಬರೆಸಿ ಪಿಐಆರ್ ಅನ್ನೋ ಕಾಗದ ತೆಗೆದುಕೊಳ್ಳಬೇಕು. ಅದಿಲ್ಲದೆ ಕ್ಲೇಮ್ ಇಲ್ಲ. ಅಮ್ಮನಿಗೆ ಒಂದು ಮಾತು ಹೇಳಿ, ಒಡವೆ ಚೆಕ್-ಇನ್ ಬ್ಯಾಗ್‌ನಲ್ಲಿ ಹಾಕಬಾರದು. ಮಾತ್ರೆಗಳನ್ನಂತೂ ಹಾಕಲೇಬಾರದು. ಅವು ಕೈಚೀಲದಲ್ಲೇ, ಡಾಕ್ಟರ್ ಚೀಟಿಯ ಜೊತೆ, ವಾಪಸ್ ಬರುವ ದಿನಕ್ಕಿಂತ ಒಂದು ವಾರ ಜಾಸ್ತಿ ಲೆಕ್ಕ ಹಾಕಿ ಇರಲಿ.

ಪ್ರವಾಸ ರದ್ದಾದರೆ ಸಿಗುವ ಮೊತ್ತ ಮಾತ್ರ ನಿಮಗೆ ಮುಖ್ಯ. ಏಪ್ರಿಲ್‌ನಲ್ಲಿ ಅಪ್ಪನಿಗೆ ಹುಷಾರು ತಪ್ಪಿ ಹೋಗಲಾಗದಿದ್ದರೆ ಟೂರ್ ಕಂಪನಿ ಬಹುಪಾಲು ದುಡ್ಡು ಹಿಡಿದುಕೊಳ್ಳುತ್ತದೆ. ಪಾಲಿಸಿಯ ರದ್ದತಿ ಭಾಗ ಆ ನಷ್ಟಕ್ಕೆ ಹತ್ತಿರ ಇದೆಯಾ, ಹಳೆಯ ಕಾಯಿಲೆಯಿಂದ ರದ್ದಾದರೂ ಕೊಡುತ್ತಾರಾ ಅಂತ ಕೇಳಿ. ಬೇಗ ಮಾಡಿಸಿದಷ್ಟೂ ಒಳ್ಳೆಯದು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿ ಸಿಡಿದು ಯುರೋಪ್‌ನ ಬಹುಪಾಲು ವಿಮಾನಗಳು ಸುಮಾರು ಒಂದು ವಾರ ನಿಂತಿದ್ದವು. ಅಂಥದ್ದು ಶುರುವಾಗಿ ಸುದ್ದಿಯಾದ ಮೇಲೆ ಪಾಲಿಸಿ ಮಾಡಿಸಿದರೆ ಆ ಕಾರಣಕ್ಕೆ ದುಡ್ಡು ಸಿಗುವುದಿಲ್ಲ. ದಿನಗಳ ಲೆಕ್ಕವೂ ಬಿಗಿಯಾಗಿ ಬೇಡ. ಹೊರಡುವ ದಿನದಿಂದ ವಾಪಸ್ ಬಂದು ಎರಡು ಮೂರು ದಿನ ಆಗುವವರೆಗೆ ಇರಲಿ.

ಅಕಸ್ಮಾತ್ ಅಲ್ಲಿ ಹುಷಾರು ತಪ್ಪಿದರೆ ಏನು ಮಾಡಬೇಕು ಅನ್ನೋದನ್ನು ಹೊರಡುವ ಮೊದಲೇ ಇಬ್ಬರಿಗೂ ಕೂರಿಸಿ ಹೇಳಿ. ಪ್ರಾಣಕ್ಕೆ ಅಪಾಯ ಅನಿಸಿದರೆ ಮೊದಲು 112. ಬ್ರಿಟನ್‌ನಲ್ಲಿ 999, ಸ್ವಿಟ್ಜರ್ಲೆಂಡ್‌ನಲ್ಲಿ ಆಂಬುಲೆನ್ಸ್‌ಗೆ 144. ಆಸ್ಪತ್ರೆ ತಲುಪಿದ ಕೂಡಲೇ ಪಾಲಿಸಿಯಲ್ಲಿರುವ ಅಸಿಸ್ಟೆನ್ಸ್ ನಂಬರ್‌ಗೆ ಫೋನ್. ಅವರೇ ಆಸ್ಪತ್ರೆ ಜೊತೆ ಮಾತಾಡಿ ಕ್ಯಾಶ್‌ಲೆಸ್ ಏರ್ಪಾಡು ಮಾಡುತ್ತಾರೆ. ತಿಳಿಸುವುದು ತಡವಾದರೆ ನೀವೇ ದುಡ್ಡು ಕಟ್ಟಿ ಆಮೇಲೆ ಓಡಾಡಬೇಕಾಗುತ್ತದೆ. ಪಾಲಿಸಿ ನಂಬರ್, ಆ ಫೋನ್ ನಂಬರ್, ಸ್ಟೆಂಟ್ ಹಾಕಿದ ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಪಟ್ಟಿ, ಇವನ್ನು ಇಂಗ್ಲಿಷ್‌ನಲ್ಲಿ ಒಂದು ಹಾಳೆಗೆ ಪ್ರಿಂಟ್ ಮಾಡಿ ಇಬ್ಬರ ಪರ್ಸ್‌ನಲ್ಲೂ ಇಡಿ. ಮೊಬೈಲ್‌ನಲ್ಲಿದೆ ಅಂತ ಬಿಡಬೇಡಿ, ಬೇಕಾದಾಗಲೇ ಚಾರ್ಜ್ ಇರುವುದಿಲ್ಲ.

ಎಲ್ಲಾ ಸರಿಯಾಗಿ ಮಾಡಿಯೂ ಕಂಪನಿ ನಿರಾಕರಿಸಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಬಗೆಹರಿಸುವ ಅಧಿಕಾರಿಯ ಕಚೇರಿಗೆ ಹೋಗಬಹುದು. ಫೀಸ್ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ನಿಮ್ಮ ಕೈ ಹಿಡಿಯುವುದು ನೀವು ಕಾಯಿಲೆ ಬರೆದ ಫಾರ್ಮ್‌ನ ಪ್ರತಿ ಮತ್ತು ಆ ಇಮೇಲ್.

ಕೊನೆಗೆ ಅಮ್ಮನ ವಿಷಯ. ಅಪ್ಪನ ಬಗ್ಗೆ ನಾಲ್ಕು ಸಾಲು ಬರೆದಿರಿ. ಅಮ್ಮನ ಬಗ್ಗೆ "ಆರೋಗ್ಯವಾಗಿದ್ದಾರೆ" ಅಂತ ಒಂದೇ ಮಾತು. ನಮ್ಮ ಮನೆಗಳಲ್ಲಿ ಅಮ್ಮಂದಿರು ತಮ್ಮ ನೋವನ್ನು ಹೇಳಿಕೊಳ್ಳುವುದಿಲ್ಲ. ಎಷ್ಟೋ ವರ್ಷದಿಂದ ಬೆಳಗ್ಗೆ ಎದ್ದು ನುಂಗುವ ಥೈರಾಯ್ಡ್ ಮಾತ್ರೆ ಅವರಿಗೆ ಕಾಯಿಲೆ ಅಂತಲೇ ಅನಿಸಿರುವುದಿಲ್ಲ. ಫಾರ್ಮ್ ತುಂಬುವ ಮೊದಲು ಅವರ ಜೊತೆ ಕೂತು, ಅವರ ಮಾತ್ರೆ ಡಬ್ಬಿ ತೆಗೆದು ಒಮ್ಮೆ ನೋಡಿ. ಅದರಲ್ಲಿ ಏನಿದೆಯೋ ಅದನ್ನೂ ಬರೆಯಿರಿ.